ಕುರಿಗೆ ನೋವಾಗದ ಉಣ್ಣೆ

ತಿಂಗಳ ಹಿಂದೆ ಒಂದು ಸಂಜೆ ಬಚ್ಚಲುಮನೆಯ ಚಿಲಕ ಹಾಕಿಕೊಂಡು, ಉಗುರು ಕತ್ತರಿಸುವ ಪುಟ್ಟ ಕತ್ತರಿಯಿಂದ ಒಂದು ಅಂಗಿಯ ಲೇಬಲ್ ಕತ್ತರಿಸಿದೆ.

ಅಂಗಿ ನಾನೇ ಕೊಂಡದ್ದು. ಕತ್ತರಿ ನನ್ನದು. ಬಚ್ಚಲುಮನೆಯೂ ನಮ್ಮದೇ. ಹಾಗಿದ್ದೂ ಕತ್ತರಿಯ ಸದ್ದು ಹೊರಗೆ ಕೇಳದಿರಲಿ ಎಂದು ನಲ್ಲಿ ತಿರುಗಿಸಿಟ್ಟಿದ್ದೆ. ಹೊರಗಿನಿಂದ ಅತ್ತೆ ಯಾರು ಒಳಗೆ ಎಂದು ಕೇಳಿದ ಕೂಡಲೇ ಕತ್ತರಿ ಬಕೆಟ್ಟಿನೊಳಗೆ ಬಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಹೆಗಲಲ್ಲ, ಇಡೀ ಮೈ ಮುಟ್ಟಿ ನೋಡಿಕೊಂಡೆ.

ಲೇಬಲ್ ಮೇಲೆ ಇಂಗ್ಲಿಷಿನಲ್ಲಿ ಇದ್ದದ್ದು ಇಷ್ಟೇ: ನೂರಕ್ಕೆ ನೂರು ಮೆರಿನೋ ಉಣ್ಣೆ. ಅತ್ತೆಗೆ ಇಂಗ್ಲಿಷ್ ಓದಲು ಬಾರದು. ಆದರೆ ಪಕ್ಕದಲ್ಲಿ ಒಂದು ಕುರಿಯ ಚಿತ್ರವಿತ್ತು. ಕುರಿ ಯಾವ ಭಾಷೆಯವರಿಗೂ ಕುರಿಯೇ ಅಲ್ಲವೇ?

ನಮ್ಮ ಅತ್ತೆಯ ಪರಿಚಯ ನಿಮ್ಮಲ್ಲಿ ಕೆಲವರಿಗಾದರೂ ಇದೆ. (ಸೂರ್ಯ ಮುಳುಗುವ ಮೊದಲೇ ಊಟ ಮುಗಿಸುವ ಅತ್ತೆಯ ಬಗ್ಗೆ ಇದೇ ಅಂಕಣದಲ್ಲಿ ಬರೆದು, ಅವರಿಂದಲೇ ಬೈಸಿಕೊಂಡಿದ್ದೆ.) ಪರಿಚಯ ಇಲ್ಲದವರಿಗೆ ಹೇಳುವುದಾದರೆ, ಎಪ್ಪತ್ತೆರಡು ವರ್ಷ. ಹೊಸನಗರ ತಾಲ್ಲೂಕಿನ ಜೈನರ ಮನೆಯ ಮಗಳು. ಈಗ ಸಾಗರದಲ್ಲಿ ನಮ್ಮ ಜೊತೆಗೇ ಇದ್ದಾರೆ. ನೀರು ಸೋಸದೆ ಕುಡಿಯುವುದಿಲ್ಲ. ಚರ್ಮದ ಚಪ್ಪಲಿ ಮೆಟ್ಟುವುದಿಲ್ಲ. ರೇಷ್ಮೆ ಹುಳುವನ್ನು ಬಿಸಿನೀರಿಗೆ ಹಾಕುತ್ತಾರೆ ಎಂದು ಗೊತ್ತಾದ ವರ್ಷ ತಮ್ಮ ಮದುವೆಯ ಸೀರೆಯನ್ನೂ ಬಿಟ್ಟುಕೊಟ್ಟವರು. ಬಸದಿಗೆ ಹೋಗುವಾಗ ಮೈಮೇಲೆ ಉಣ್ಣೆ ಇರಬಾರದು ಎನ್ನುವುದು ಅವರು ಹುಟ್ಟಿದ ಮನೆಯಿಂದ ತಂದ ನಿಯಮ. ಅವರು ಸ್ವೆಟರ್ ಹಾಕಿದ್ದನ್ನು ಸೊಸೆಯಾಗಿ ಬಂದ ಈ ಇಪ್ಪತ್ತಾರು ವರ್ಷದಲ್ಲಿ ನಾನು ಒಮ್ಮೆಯೂ ನೋಡಿಲ್ಲ. ಹಾಗಾಗಿ ಉಣ್ಣೆ ಎಂದರೆ ಅತ್ತೆಗೆ ಆಗದು ಎಂದು ನಾನೇ ಬರೆದಿಟ್ಟುಕೊಂಡಿದ್ದೆ.

ಅವರನ್ನು ಕೇಳಿದ್ದೆನಾ? ಅದು ಆಮೇಲೆ.

ವರ್ಷಕ್ಕೊಮ್ಮೆ, ಸಂಕ್ರಾಂತಿಯ ಗದ್ದಲ ಮುಗಿದ ಮೇಲೆ ಬರುವ ಚತುರ್ದಶಿಯ ದಿನ ಅತ್ತೆ ತೀರ್ಥಹಳ್ಳಿ ಆಚೆಯ ಕುಂದಾದ್ರಿ ಹತ್ತುತ್ತಾರೆ. ಗುಡ್ಡದ ತುದಿಯಲ್ಲಿ ಪಾರ್ಶ್ವನಾಥ ಸ್ವಾಮಿಯ ಬಸದಿ ಇದೆ. ಈಗ ಹತ್ತಿರದವರೆಗೂ ರಸ್ತೆ ಇದೆ, ಕಾರು ಹೋಗುತ್ತದೆ. ಆದರೆ ಅತ್ತೆ ಹತ್ತುವುದು ಕಾಲುದಾರಿಯಲ್ಲಿ. ನಮ್ಮನೆಯವರು ಹುಟ್ಟಿದ ವರ್ಷ ಹೇಳಿಕೊಂಡ ಹರಕೆಯಂತೆ. ನಮ್ಮನೆಯವರ ತಲೆ ನರೆತರೂ ಹರಕೆ ಮುಗಿದಿಲ್ಲ.

ಹೋದ ವರ್ಷ ಏನಾಯಿತೆಂದರೆ, ಹತ್ತುವಾಗ ಬೆವರಿದರು. ಹತ್ತಿ ರವಿಕೆ ನೆನೆದು ಬೆನ್ನಿಗೆ ಅಂಟಿಕೊಂಡಿತು. ಮೇಲೆ ಗಾಳಿ. ಆ ಗಾಳಿ ಗೊತ್ತಿದ್ದವರಿಗೇ ಗೊತ್ತು, ಕಿವಿಯೊಳಗೆ ಹೊಕ್ಕು ಹಲ್ಲು ಅಲ್ಲಾಡಿಸುತ್ತದೆ. ಅಭಿಷೇಕ ಶುರುವಾಗಿಬಿಟ್ಟಿತ್ತೆಂದು ರವಿಕೆ ಬದಲಿಸದೆ, ಒದ್ದೆಯಲ್ಲೇ ಮುಗಿಯುವವರೆಗೆ ನಿಂತರು. ಮೂರನೇ ದಿನಕ್ಕೆ ನ್ಯುಮೋನಿಯಾ. ಒಂಬತ್ತು ದಿನ ಆಸ್ಪತ್ರೆ. ಅದರಲ್ಲಿ ಎರಡು ದಿನ ಡಾಕ್ಟರು ನಮ್ಮ ಮುಖ ನೋಡಿ ಮಾತಾಡುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಕೂತವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಈ ವರ್ಷ ಡಾಕ್ಟರು ಬೇಡವೇ ಬೇಡ ಎಂದರು. ಅತ್ತೆ ಕೇಳಿಸಿಕೊಂಡರು, ತಲೆಯಾಡಿಸಿದರು, ಮನೆಗೆ ಬಂದು ಕ್ಯಾಲೆಂಡರ್‌ನಲ್ಲಿ ಚತುರ್ದಶಿ ಎಂದು ಬರುತ್ತದೆ ನೋಡು ಎಂದರು.

ಅಲ್ಲಿಂದ ಶುರು ನನ್ನ ಚಿಂತೆ.

ನಾನು ಕೆಲಸ ಮಾಡುವ ಕಾಲೇಜಿನಲ್ಲಿ ರಾಘು ಎಂಬ ಫಿಸಿಕ್ಸ್ ಮೇಷ್ಟ್ರಿದ್ದಾರೆ. ಭಾನುವಾರ ಬಂತೆಂದರೆ ಕೊಡಚಾದ್ರಿ, ಇಲ್ಲವೇ ಅದರ ಅಕ್ಕಪಕ್ಕದ ಯಾವುದಾದರೂ ಗುಡ್ಡ. ನಾನಿರುವ ಲೈಬ್ರರಿಗೆ ಅವರು ಬಂದಾಗ ಇದನ್ನೆಲ್ಲ ತೋಡಿಕೊಂಡೆ. ಅವರು ಅರ್ಧ ಪೀರಿಯಡ್ ಪಾಠ ಮಾಡಿದರು. ಹತ್ತಿ ಬೆವರನ್ನು ಕುಡಿಯುತ್ತದೆ, ಬಿಡುವುದಿಲ್ಲ. ಗಾಳಿ ತಾಗಿದರೆ ಮೈಯ ಬಿಸಿಯೆಲ್ಲ ಅದರ ಪಾಲು. ಉಣ್ಣೆ ಹಾಗಲ್ಲ, ಒದ್ದೆಯಾದರೂ ಬಿಸಿ ಬಿಟ್ಟುಕೊಡುವುದಿಲ್ಲ. ಅದರಲ್ಲೂ ಮೆರಿನೋ ಎಂಬ ತಳಿಯ ಕುರಿಯ ಉಣ್ಣೆ ಎಳೆ ಎಳೆಯಾಗಿ ತೆಳು, ಚುಚ್ಚುವುದಿಲ್ಲ, ಅಂಗಿಯ ಒಳಗೇ ಹಾಕಿಕೊಳ್ಳಬಹುದು. ಟ್ರೆಕ್ಕಿಂಗ್ ಮಾಡುವವರು, ಹಿಮದಲ್ಲಿ ಓಡುವವರು ಎಲ್ಲ ಅದನ್ನೇ ಹಾಕುವುದಂತೆ.

ಸಿಂಥೆಟಿಕ್ ಥರ್ಮಲ್ ಹಾಕಿಸಬಹುದಿತ್ತಲ್ಲ ಎನ್ನುತ್ತೀರಿ. ಹಾಕಿಸಿದ್ದೆ. ಒಂದೇ ದಿನಕ್ಕೆ ಕತ್ತು, ಬೆನ್ನು ತುಂಬ ಕೆಂಪು ದದ್ದು.

ಸರಿ, ಉಣ್ಣೆಯ ಬಗ್ಗೆ ಓದಲು ಕೂತೆ. ಲೈಬ್ರರಿಯವಳಿಗೆ ಓದುವುದೇ ರೋಗ. ಓದುತ್ತ ಹೋದವಳು ಅರ್ಧಕ್ಕೆ ಪುಟ ಮುಚ್ಚಿ, ಮತ್ತೆ ತೆರೆದೆ. ಮೆರಿನೋ ಕುರಿಯ ಚರ್ಮ ನೆರಿಗೆ ನೆರಿಗೆಯಂತೆ. ಹಿಂಭಾಗದ ನೆರಿಗೆಗಳಲ್ಲಿ ನೊಣ ಮೊಟ್ಟೆಯಿಟ್ಟು ಹುಳುವಾಗುತ್ತದೆ. ಅದಾಗಬಾರದು ಎಂದು ಕೆಲವು ಕಡೆ ಮರಿ ಇರುವಾಗಲೇ ಅಲ್ಲಿಯ ಚರ್ಮವನ್ನು ಕತ್ತರಿಸಿ ತೆಗೆಯುತ್ತಾರೆ. ಎಷ್ಟೋ ಸಲ ನೋವಿನ ಔಷಧಿಯೂ ಇಲ್ಲದೆ. ರೇಷ್ಮೆ ಹುಳುವಿಗಾಗಿ ಮದುವೆ ಸೀರೆ ಬಿಟ್ಟ ಹೆಂಗಸಿಗೆ ನಾನು ಇದನ್ನು ತೊಡಿಸಲೇ?

ಕತ್ತರಿಸದವರೂ ಇದ್ದಾರೆ ಎಂದು ಆಮೇಲೆ ತಿಳಿಯಿತು. ಚರ್ಮ ಕತ್ತರಿಸುವುದಿಲ್ಲ, ಬಯಲಲ್ಲಿ ಮೇಯಲು ಬಿಡುತ್ತೇವೆ, ಉಣ್ಣೆ ಕತ್ತರಿಸುವಾಗ ಗಾಯ ಮಾಡುವುದಿಲ್ಲ, ಹೊರಗಿನವರು ಬಂದು ಪರಿಶೀಲಿಸುತ್ತಾರೆ ಎಂದು ಬರೆದುಕೊಂಡ ಕಂಪನಿಗಳು. ಎಥಿಕಲ್ ಉಣ್ಣೆ. ನಾನು ಅಷ್ಟಕ್ಕೇ ಬಿಡುವವಳೇ? ಒಂದು ಕಂಪನಿಗೆ ನಾಲ್ಕು ಮೇಲ್ ಬರೆದೆ. ಪರಿಶೀಲನೆ ಮಾಡುವವರು ಯಾರು, ಯಾವಾಗ ಬರುತ್ತಾರೆ, ಹೇಳಿ ಬರುತ್ತಾರೋ ಹೇಳದೆ ಬರುತ್ತಾರೋ? ಗ್ರಾಹಕಳಾಗಿ ಇದನ್ನೆಲ್ಲ ತಿಳಿಯುವ ಹಕ್ಕು ನನಗಿದೆ ಎಂದು ಎರಡು ಸಲ ಬರೆದೆ. ಪಾಪ, ಉತ್ತರ ಕೊಟ್ಟರು. ಸರ್ಟಿಫಿಕೇಟಿನ ಪ್ರತಿಯನ್ನೂ ಕಳಿಸಿದರು. ಕುರಿಗಳ ಫೋಟೋ ನೋಡಿದೆ. ನಮ್ಮ ಕಾಲೇಜಿನ ಹುಡುಗರಿಗಿಂತ ಆರಾಮಾಗಿದ್ದವು.

ತುಂಬುತೋಳಿನ, ದುಂಡು ಕತ್ತಿನ, ಬೂದಿ ಬಣ್ಣದ ಅಂಗಿ ಬಂತು. (ಬೆಲೆ ಕೇಳಬೇಡಿ. ನಮ್ಮನೆಯವರಿಗೂ ಹೇಳಿಲ್ಲ, ಅವರು ಈ ಅಂಕಣ ಓದುತ್ತಾರೆ.)

ಅತ್ತೆಗೆ ಅದು ಹತ್ತಿ ಎಂದು ಹೇಳಿದೆ. ವಿದೇಶದ ಹತ್ತಿ, ಹೊಸ ನಮೂನೆಯದು, ಚಳಿ ತಡೆಯುತ್ತದೆ. ಇಷ್ಟೂ ಸುಳ್ಳನ್ನು ಒಂದೇ ಉಸಿರಿಗೆ ಹೇಳಿದೆ.

ಅತ್ತೆ ತೋಳನ್ನು ಬೆರಳುಗಳ ನಡುವೆ ತಿಕ್ಕಿ ನೋಡಿದರು. ಕೆನ್ನೆಗೆ ಒತ್ತಿಕೊಂಡರು. ಇಷ್ಟು ಮೆತ್ತಗಿನ ಹತ್ತಿ ನಮ್ಮ ಕಾಲದಲ್ಲಿ ಇರಲೇ ಇಲ್ಲ ಎಂದು ಸಂತೋಷಪಟ್ಟರು. ಅವರು ನಂಬಿದ್ದು ನೋಡಿ ನನಗೆ ಹಗುರಾಗಬೇಕಿತ್ತು. ಆಗಲಿಲ್ಲ.

ನೀವು ಇಂಥ ಸುಳ್ಳು ಹೇಳಿಲ್ಲವೇ? ಎದೆ ಮುಟ್ಟಿಕೊಂಡು ಹೇಳಿ. ಮಾವನ ಚಹಾಕ್ಕೆ ಗೊತ್ತಾಗದಂತೆ ಸಕ್ಕರೆ ಕಡಿಮೆ ಮಾಡಿಲ್ಲವೇ? ಅಜ್ಜಿಗೆ ಕೇಕಿನಲ್ಲಿ ಮೊಟ್ಟೆ ಇಲ್ಲ ಎಂದಿಲ್ಲವೇ? ಅಮ್ಮನ ಮೊಬೈಲು ಕೆಟ್ಟಿದೆ ಎಂದು ಹೇಳಿ ಮುಚ್ಚಿಟ್ಟವರು, ಅಪ್ಪನ ಬಿಪಿ ನೂರಾ ಎಂಬತ್ತಿದ್ದರೆ ನಾರ್ಮಲ್ ಎಂದವರು ಎಲ್ಲ ನಮ್ಮ ನಡುವೆಯೇ ಇದ್ದಾರೆ. ಎಲ್ಲವೂ ಅವರ ಒಳ್ಳೆಯದಕ್ಕೆ. ಮಕ್ಕಳಿಗೆ ಸುಳ್ಳು ಹೇಳಬಾರದು ಎಂದು ಈಗಿನ ಪುಸ್ತಕಗಳೆಲ್ಲ ಬರೆಯುತ್ತವೆ. ಮುದುಕರ ಬಗ್ಗೆ ಯಾರೂ ಬರೆದಂತಿಲ್ಲ.

ಆ ಅಂಗಿ ಬಂದ ಮೇಲೆ ನನಗೆ ನೆಮ್ಮದಿ ಎನ್ನುವುದು ಇರಲಿಲ್ಲ. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡಂತೆ, ಉಗುಳುವಂತಿಲ್ಲ, ನುಂಗುವಂತಿಲ್ಲ. ಅತ್ತೆಗೆ ಅದು ಎಷ್ಟು ಇಷ್ಟವಾಯಿತೆಂದರೆ ರವಿಕೆಯ ಬದಲು ಅದನ್ನೇ ಹಾಕಿಕೊಂಡು ಓಡಾಡತೊಡಗಿದರು. ಹೋದಲ್ಲೆಲ್ಲ ತೋರಿಸಿದರು. ಸೊಸೆ ತರಿಸಿದ್ದು, ವಿದೇಶದ ಹತ್ತಿ. ನಾನು ಹಿಂದೆ ನಿಂತು ಯಾರಾದರೂ ಅದನ್ನು ಮುಟ್ಟಿ ನೋಡುತ್ತಾರೇನೋ ಎಂದು ಕಾಯುತ್ತಿದ್ದೆ.

ಕೊನೆಗೆ ಮುಟ್ಟಿದವರು ಪಕ್ಕದ ಮನೆಯ ಗಂಗಕ್ಕ. ಹಿತ್ತಿಲ ತಂತಿಯ ಮೇಲೆ ಒಣಗಿದ್ದ ಅಂಗಿಯನ್ನು ಹಿಡಿದು, ಇದು ಉಣ್ಣೆ ಅಲ್ಲವಾ ಎಂದರು. ಅವರ ಬಾಯಿ ಮುಚ್ಚಿಸಿ ಅಡುಗೆಮನೆಗೆ ಎಳೆದುಕೊಂಡು ಬಂದೆ. ಗುಟ್ಟು ಹೇಳಿದೆ. ಗಂಗಕ್ಕನಿಗೆ ಇದರಲ್ಲಿ ಗುಟ್ಟು ಯಾವುದೆಂದೇ ತಿಳಿಯಲಿಲ್ಲ. ಅವರ ಮನೆಯಲ್ಲಿ ಎಲ್ಲಕ್ಕಿಂತ ಮಡಿಯ ವಸ್ತುವೇ ಕಂಬಳಿ.

“ಉಣ್ಣೆಗೆ ಎಂತ ಮೈಲಿಗೆನೂ ಇಲ್ಲೆ ಮಾರಾಯ್ತಿ. ನೀ ಎಂತಕ್ಕೆ ಹಿಂಗೆ ಹೆದರ್ತೆ?” ಎಂದರು.

ಒಂದೇ ಕಾಂಪೌಂಡು. ಗೋಡೆಯ ಈಚೆ ಉಣ್ಣೆ ಹಾಕಿದರೆ ದೇವರ ಹತ್ತಿರ ಹೋಗುವಂತಿಲ್ಲ, ಆಚೆ ಉಣ್ಣೆ ಹಾಸಿದರೇ ದೇವರ ಹತ್ತಿರ ಕೂರುವುದು. ಬೇರೆ ಸಮಯವಾಗಿದ್ದರೆ ಇಬ್ಬರೂ ಕೂತು ನಗುತ್ತಿದ್ದೆವು. ಅವತ್ತು ನನಗೆ ನಗು ಬರಲಿಲ್ಲ.

ಚತುರ್ದಶಿ ಬಂತು. ನಮ್ಮನೆಯವರಿಗೆ ಅಂಗಡಿ ಬಿಟ್ಟು ಬರಲಾಗಲಿಲ್ಲ. ಗೊತ್ತಿರುವ ಡ್ರೈವರ್ ಒಬ್ಬರ ಕಾರು ಮಾಡಿಕೊಂಡು ಬೆಳಗಿನ ಜಾವ ಹೊರಟೆವು. ಹೊಸನಗರ ದಾಟುವಾಗ ಮಂಜು ಎಷ್ಟಿತ್ತೆಂದರೆ ಎದುರು ಬರುವ ಬಸ್ಸಿನ ಹಾರನ್ ಮೊದಲು ಕೇಳಿ, ಲೈಟು ಆಮೇಲೆ ಕಾಣುತ್ತಿತ್ತು. ಅತ್ತೆ ಕಾರಿನಲ್ಲಿ ಆರಾಮಾಗಿ ಕೂತು, ಈ ಸಲ ಎದೆಗೆ ಚಳಿಯೇ ತಾಗುತ್ತಿಲ್ಲ ಎಂದರು. ಅವರ ಚೀಲದಲ್ಲಿ ಪೂಜೆಗೆ ಉಡಲು ಒಂದು ಒಗೆದ ಹತ್ತಿ ಸೀರೆ, ಅಕ್ಕಿ, ತೆಂಗಿನಕಾಯಿ. ಪ್ರತಿ ವರ್ಷ ಬದಲಿಸಲು ಇನ್ನೊಂದು ರವಿಕೆ ಇರುತ್ತಿತ್ತು. ಈ ವರ್ಷ ಇರಲಿಲ್ಲ. ಮೈಮೇಲಿರುವುದೂ ಹತ್ತಿಯೇ ಅಲ್ಲವೇ, ಸುಮ್ಮನೆ ಭಾರ ಏಕೆ ಎಂದು ತೆಗೆದಿಟ್ಟಿದ್ದರು. ಇದು ನನಗೆ ಗೊತ್ತಾದದ್ದು ಆಗಲೇ, ಕಾರಿನಲ್ಲಿ.

ಅಂದರೆ ಈ ಅಂಗಿ ಬಸದಿಯ ಒಳಗೂ ಹೋಗುತ್ತದೆ.

ನನ್ನ ಲೆಕ್ಕಾಚಾರ ಬೇರೆ ಇತ್ತು. ಹತ್ತುವಾಗ ಇದನ್ನು ಹಾಕಿಕೊಳ್ಳುತ್ತಾರೆ, ಮೇಲೆ ಹೋದ ಮೇಲೆ ಯಾವತ್ತಿನಂತೆ ಒಣ ರವಿಕೆಗೆ ಬದಲಾಯಿಸುತ್ತಾರೆ, ಬೆವರಿನ ಗಂಡಾಂತರವೂ ಕಳೆಯಿತು, ನಿಯಮವೂ ಉಳಿಯಿತು ಎಂದುಕೊಂಡಿದ್ದೆ. ನನ್ನ ಸುಳ್ಳನ್ನು ಅವರು ಇಷ್ಟು ಪೂರ್ತಿಯಾಗಿ ನಂಬುತ್ತಾರೆ ಎಂದು ನನಗೆ ಹೊಳೆದಿರಲಿಲ್ಲ.

ಗುಡ್ಡದ ಬುಡದಲ್ಲಿ ಇಳಿದೆವು. ಡ್ರೈವರ್ ತಿಂಡಿ ತಿಂದು, ಎರಡು ತಾಸು ಬಿಟ್ಟು ಕಾರನ್ನು ಮೇಲಕ್ಕೆ ತರುತ್ತೇನೆಂದು ಹೋದರು. ನಾವು ಕಾಲುದಾರಿ ಹಿಡಿದೆವು.

ಅತ್ತೆ ಮುಂದೆ, ನಾನು ಹಿಂದೆ. ಆ ಹತ್ತುವಿಕೆಯಲ್ಲಿ ನಾನು ಕಾಡು ನೋಡಲಿಲ್ಲ, ಹಕ್ಕಿ ಕೇಳಲಿಲ್ಲ. ಅತ್ತೆಯ ಬೆನ್ನು ನೋಡಿದೆ, ಉಸಿರು ಕೇಳಿದೆ. ರಾಘು ಹೇಳಿದ್ದು ನಿಜ. ಹಣೆಯಲ್ಲಿ ಬೆವರು ಇಳಿಯುತ್ತಿತ್ತು, ಆದರೆ ಕೈ ಹಿಡಿದರೆ ಬೆಚ್ಚಗಿತ್ತು. ಹೋದ ವರ್ಷ ನಾಲ್ಕು ಕಡೆ ಕೂತವರು ಈ ವರ್ಷ ಎರಡೇ ಕಡೆ ಕೂತರು. ಹೇಳಿಬಿಡಲೇ ಎಂದು ಪ್ರತಿ ತಿರುವಿನಲ್ಲೂ ಯೋಚಿಸಿದೆ. ಇಲ್ಲಿ ಹೇಳಿದರೆ ಇಲ್ಲೇ ಕಳಚಿದರೆ? ಇನ್ನೊಂದು ರವಿಕೆ ಇಲ್ಲ. ಮೇಲೆ ಹೋಗಿ ಹೇಳಿದರೆ? ಮೇಲೆ ಗಾಳಿ. ಹೇಳದೇ ಇದ್ದರೆ? ಅವರು ಅದನ್ನು ಹಾಕಿಕೊಂಡೇ ಸ್ವಾಮಿಯ ಮುಂದೆ ನಿಲ್ಲುತ್ತಾರೆ. ಯಾರಿಗೂ ಗೊತ್ತಾಗುವುದಿಲ್ಲ, ನನ್ನೊಬ್ಬಳನ್ನು ಬಿಟ್ಟು. ಕುರಿಗೆ ನೋವಾಗಿಲ್ಲ, ಅತ್ತೆಗೆ ಚಳಿಯಾಗಿಲ್ಲ, ಇದರಲ್ಲಿ ಕೆಟ್ಟದ್ದೇನಿದೆ ಎಂದು ಸಮಾಧಾನ ಹೇಳಿಕೊಂಡೆ. ಮುಂದಿನ ತಿರುವಿಗೆ ಆ ಸಮಾಧಾನ ಮುಗಿದಿತ್ತು.

ಮೇಲೆ ಬಂದೆವು. ಗಾಳಿ ನಮಗಾಗಿಯೇ ಕಾದಂತೆ ಬೀಸುತ್ತಿತ್ತು. ಬಂಡೆಯ ಪಕ್ಕದ ಕೊಳದಲ್ಲಿ ಅತ್ತೆ ಕೈಕಾಲು ತೊಳೆದು, ಅಲ್ಲಿದ್ದ ಸಣ್ಣ ಕೋಣೆಯಲ್ಲಿ ಸೀರೆ ಬದಲಿಸಿ ಬಂದರು. ಬಿಳಿ ಹತ್ತಿ ಸೀರೆಯ ಕೆಳಗೆ ಬೂದಿ ಬಣ್ಣದ ತೋಳು. ನಾನು ನನ್ನ ಸ್ವೆಟರ್ ಬಿಚ್ಚಿ ಹೊರಗಿನ ಕಟ್ಟೆಯ ಮೇಲಿಟ್ಟೆ.

ಆಗ ಬಸದಿಯ ಬಾಗಿಲಿನ ಹತ್ತಿರ ಟ್ರೆಕ್ಕಿಂಗ್ ಬಂದಿದ್ದ ನಾಲ್ಕೈದು ಹುಡುಗಿಯರು ನಿಂತಿದ್ದರು. ಒಬ್ಬಳ ತಲೆಯ ಮೇಲೆ ಕೆಂಪು ಟೋಪಿ. ಅತ್ತೆ ಅವಳ ಹತ್ತಿರ ಹೋಗಿ, ಬಹಳ ಮೆದುವಾಗಿ, ಅದು ಉಣ್ಣೆಯ ಟೋಪಿ ಅಲ್ಲವಾ ಮಗಾ, ಹೊರಗಿಟ್ಟು ಒಳಗೆ ಬಾ ಎಂದರು. ಆ ಹುಡುಗಿ ನಕ್ಕು, ಇದು ಉಣ್ಣೆ ಅಲ್ಲ ಆಂಟಿ, ಅಕ್ರಿಲಿಕ್, ಬರೀ ಪ್ಲಾಸ್ಟಿಕ್ ದಾರ ಎಂದಳು. ಹಾಗೇ ಕಟ್ಟೆಯ ಮೇಲಿದ್ದ ನನ್ನ ಸ್ವೆಟರ್ ಕಡೆ ನೋಡಿ, ಅದೂ ಅಕ್ರಿಲಿಕ್ಕೇ ಎಂದಳು. ಹತ್ತು ವರ್ಷದಿಂದ ಉಣ್ಣೆಯೆಂದು ನ್ಯಾಫ್ತಲಿನ್ ಗುಳಿಗೆ ಹಾಕಿ ಕಾಪಾಡಿದ ಸ್ವೆಟರ್ ಅದು.

ಹಾಗಾದರೆ ಸರಿ ಎಂದು ಅತ್ತೆ ಅವಳ ತಲೆ ಸವರಿ ಮೆಟ್ಟಿಲ ಕಡೆ ತಿರುಗಿದರು.

ಅಂದರೆ ಆ ಗುಡ್ಡದ ಮೇಲೆ ಇದ್ದಷ್ಟು ಜನರಲ್ಲಿ ನಿಜವಾದ ಉಣ್ಣೆ ತೊಟ್ಟವರು ಒಬ್ಬರೇ. ಬೇರೆಯವರಿಗೆ ಬೇಡ ಎನ್ನುತ್ತಿದ್ದವರು. ಅವರು ಬಲಗಾಲು ಎತ್ತಿ ಹೊಸಿಲ ಕಡೆ ಇಟ್ಟರು. ಸೆರಗು ಹಿಡಿದು ಎಳೆದೆ.

“ಅತ್ತೆ, ಅದು ಹತ್ತಿ ಅಲ್ಲ. ಉಣ್ಣೆ.”

ಅತ್ತೆ ತೋಳನ್ನು ನೋಡಿಕೊಂಡರು. ನನ್ನನ್ನು ನೋಡಿದರು. ಅವರು ಬೈದಿದ್ದರೆ ಎಷ್ಟೋ ಒಳ್ಳೆಯದಿತ್ತು.

“ಯಾವಾಗ್ಲಿಂದ ಗೊತ್ತಿತ್ತು ನಿಂಗೆ?”

ತರಿಸುವ ಮೊದಲಿನಿಂದ ಎಂದೆ. ಅತ್ತೆ ಮತ್ತೆ ಆ ಕೋಣೆಗೆ ಹೋದರು. ಬಂದಾಗ ಮೈಮೇಲೆ ಸೀರೆಯೊಂದೇ, ಹೆಗಲಿನ ಸುತ್ತ ಸುತ್ತಿಕೊಂಡು. ತೋಳು ಬರಿದು. ಅಂಗಿಯನ್ನು ಮಡಿಸಿ ನನ್ನ ಕೈಗೆ ಕೊಟ್ಟರು. ಅದು ಇನ್ನೂ ಬಿಸಿಯಾಗಿತ್ತು. ಪೂಜೆ ಬೇಡ, ಹೊರಟುಬಿಡೋಣ ಎಂದೆ. ಕಾರು ಬರಲಿ, ಅದರಲ್ಲಿ ಏನಾದರೂ ಹುಡುಕೋಣ ಎಂದೆ. ಫೋನ್ ತೆಗೆದರೆ ನೆಟ್‌ವರ್ಕ್ ಇಲ್ಲ. ಒಳಗೆ ಇಂದ್ರರು (ಬಸದಿಯಲ್ಲಿ ಪೂಜೆ ಮಾಡುವವರನ್ನು ನಾವು ಹಾಗೆ ಕರೆಯುವುದು) ಅಭಿಷೇಕ ಶುರು ಮಾಡಿಯಾಗಿತ್ತು. ಕಟ್ಟೆಯ ಮೇಲಿದ್ದ ನನ್ನ ಸ್ವೆಟರ್ ಕೊಡಹೋದರೆ, ಇದು ಉಣ್ಣೆ ಅಲ್ಲ ಎಂದು ಇನ್ನು ಹೇಗೆ ನಂಬಲಿ ಎಂದು ದೂರ ಸರಿಸಿದರು. ನನ್ನ ದುಪಟ್ಟಾ ತೆಗೆದು ಅವರ ಹೆಗಲಿಗೆ ಹೊದಿಸಿದೆ. ಜಾರ್ಜೆಟ್ಟಿನ ದುಪಟ್ಟಾ ಎಂಥ ಚಳಿ ತಡೆದೀತು? ಅತ್ತೆ ಅದನ್ನು ಬೇಡ ಎನ್ನಲಿಲ್ಲ. ಹಾಗೇ ಒಳಗೆ ಹೋದರು.

ಅಂಗಿ ಹಿಡಿದುಕೊಂಡು ನಾನು ಹೊಸಿಲ ಹೊರಗೆ ನಿಂತೆ. ಕಟ್ಟೆಯ ಮೇಲಿಟ್ಟು ಒಳಗೆ ಹೋಗಬಹುದಿತ್ತು. ಕಾಲು ಬರಲಿಲ್ಲ.

ಅಭಿಷೇಕ ಬೇಗ ಮುಗಿಯುವುದಲ್ಲ. ನೀರು, ಎಳನೀರು, ಹಾಲು, ಗಂಧ. ಇಂದ್ರರು ಒಂದೊಂದನ್ನೂ ನಿಧಾನವಾಗಿ, ಶ್ರದ್ಧೆಯಿಂದ ಮಾಡುವವರು. ಆ ಶ್ರದ್ಧೆಯ ಮೇಲೆ ನನಗೆ ಆವತ್ತು ಎಷ್ಟು ಸಿಟ್ಟು ಬಂತು ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಅತ್ತೆ ಕೈಮುಗಿದು ನಿಂತಿದ್ದರು. ಮೊದಲು ಬೆರಳು ನಡುಗಿತು. ಆಮೇಲೆ ಮೊಣಕೈ. ಆಮೇಲೆ ಗಲ್ಲ. ಒಂದು ಸಲ ಕೆಮ್ಮಿದರು. ಬರೀ ಒಂದು ಕೆಮ್ಮು, ಗಂಟಲಲ್ಲಿ ಏನೋ ಸಿಕ್ಕಿದ್ದಿರಬಹುದು. ನನಗೆ ಮಾತ್ರ ಹೋದ ವರ್ಷದ ಆಸ್ಪತ್ರೆಯ ಕಾರಿಡಾರು, ಮುಖ ತಪ್ಪಿಸುವ ಡಾಕ್ಟರು ಎಲ್ಲ ಕಣ್ಣ ಮುಂದೆ ಬಂದು ನಿಂತಿತು. ಸ್ವಾಮಿ, ಸುಳ್ಳು ಹೇಳಿದವಳು ಹೊರಗಿದ್ದಾಳೆ, ಒಳಗಿನವರನ್ನು ಬಿಟ್ಟುಬಿಡು ಎಂದು ಬೇಡಿಕೊಂಡೆ.

ಕೊನೆಗೆ ಅಭಿಷೇಕದ ಗಂಧೋದಕವನ್ನು ಹಣೆಗೆ, ಕಣ್ಣಿಗೆ ಹಚ್ಚಿಕೊಂಡು ಹೊರಗೆ ಬಂದರು. ತುಟಿಯ ಬಣ್ಣ ಸರಿಯಿರಲಿಲ್ಲ. ನಾನು ಒಂದೇ ಸಮನೆ ಮಾತಾಡತೊಡಗಿದೆ. ಇದು ಹಿಂಸೆಯ ಉಣ್ಣೆ ಅಲ್ಲ ಅತ್ತೆ, ಕುರಿಯ ಚರ್ಮ ಕತ್ತರಿಸಿಲ್ಲ, ಬಯಲಲ್ಲಿ ಮೇಯುವ ಕುರಿ, ನಮ್ಮ ತಲೆಗೂದಲು ಕತ್ತರಿಸಿದ ಹಾಗೆ ಕತ್ತರಿಸುತ್ತಾರೆ, ನಾನು ಪತ್ರ ಬರೆದು ಕೇಳಿದ್ದೇನೆ, ಕಾಗದ ಕಳಿಸಿದ್ದಾರೆ, ಮನೆಯಲ್ಲಿದೆ.

“ಕಾಗದ ಬರ್ದಿದ್ದು ಯಾರು, ಕುರಿಯಾ?” ಎಂದರು ಅತ್ತೆ.

ನಾನು ಮಡಿಸಿದ್ದ ಅಂಗಿಯನ್ನು ಇನ್ನೊಮ್ಮೆ ಮಡಿಸಿದೆ.

ನಮ್ಮ ಮುನಿಗಳ ಕೈಯಲ್ಲಿ ನವಿಲುಗರಿಯ ಪಿಂಛಿ ಇರುತ್ತದೆ. ಕೂರುವ ಮೊದಲು ಅದರಿಂದ ನೆಲ ಸವರುತ್ತಾರೆ, ಇರುವೆ ಸಾಯಬಾರದೆಂದು. ಆ ಗರಿ ನವಿಲು ತಾನಾಗಿ ಉದುರಿಸಿದ್ದು. ಕಿತ್ತದ್ದಾಗಬಾರದು. ಅತ್ತೆ ಈ ಅಳತೆಯಲ್ಲಿ ಬೆಳೆದವರು. ನನ್ನ ಸರ್ಟಿಫಿಕೇಟು ಆ ಅಳತೆಗೆ ಸಾಲುವುದಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಅಲ್ಲವೇ ಮುಚ್ಚಿಟ್ಟದ್ದು?

ಆದರೆ ಅತ್ತೆ ಅಲ್ಲಿಗೇ ನಿಲ್ಲಿಸಲಿಲ್ಲ. ಕೈ ಚಾಚಿ ಅಂಗಿಯನ್ನು ನನ್ನಿಂದ ತೆಗೆದುಕೊಂಡರು. ಕೋಣೆಗೆ ಹೋಗಿ ಹಾಕಿಕೊಂಡು ಬಂದರು.

“ಬಸದಿ ಒಳಗೆ ಉಣ್ಣೆ ಬೇಡ ಅಂದಿದ್ದು ನಾನು. ಹೊರಗೆ ಬೇಡ ಅಂತ ಯಾವತ್ತು ಹೇಳ್ದೆ? ಸ್ವೆಟ್ರು ಹಾಕದೇ ಇದ್ದಿದ್ದು ಅದು ಚುಚ್ಚುತ್ತೆ ಅಂತ ಕಣೆ. ಇದು ಚುಚ್ಚಲ್ಲ. ಮೊದ್ಲೇ ಹೇಳಿದ್ರೆ ದಪ್ಪದ ಒಂದು ರವಿಕೆ ತರ್ತಿದ್ದೆ, ಒಳಗೆ ಹೋಗೋವಾಗ ಬದಲಾಯಿಸ್ತಿದ್ದೆ. ಅಷ್ಟೇ ಇತ್ತು.”

ಅಷ್ಟೇ ಇತ್ತು.

ಇಪ್ಪತ್ತಾರು ವರ್ಷ ಒಂದೇ ಮನೆಯಲ್ಲಿ ಇದ್ದೇವೆ. ಅವರಿಗೆ ಯಾವ ಸೊಪ್ಪಿನ ಸಾರು ಇಷ್ಟ, ಯಾವ ಮಾತ್ರೆ ಆಗದು, ಯಾವ ನೆಂಟರ ಹೆಸರೆತ್ತಿದರೆ ಮುಖ ಗಂಟಾಗುತ್ತದೆ ಎಲ್ಲ ನನಗೆ ಬಾಯಿಪಾಠ ಎಂದುಕೊಂಡಿದ್ದೆ. ಸ್ವೆಟರ್ ಏಕೆ ಹಾಕುವುದಿಲ್ಲ ಎಂದು ಒಂದು ಸಲ ಕೇಳಿರಲಿಲ್ಲ. ನಾನೇ ಒಂದು ದೊಡ್ಡ ಕಾರಣ ಕಟ್ಟಿ, ಅದಕ್ಕೆ ನಾನೇ ಹೆದರಿ, ಆ ಹೆದರಿಕೆಗೆ ಸುಳ್ಳು ಹೇಳಿ, ಆ ಸುಳ್ಳಿನಿಂದಾಗಿ ಅವರನ್ನು ಗಾಳಿಯಲ್ಲಿ ಬರಿದೋಳಿನಲ್ಲಿ ನಿಲ್ಲಿಸಿದೆ. ಹೋದ ವರ್ಷ ಒದ್ದೆಯದ್ದಾದರೂ ಒಂದು ರವಿಕೆ ಇತ್ತು.

ಇಳಿಯುವಾಗ ಕಾರಿನಲ್ಲಿ ಅತ್ತೆ ಬೆರಳಲ್ಲಿ ಜಪ ಎಣಿಸುತ್ತಿದ್ದರು. ತೀರ್ಥಹಳ್ಳಿ ಬಂದ ಮೇಲೆ, ಗೊತ್ತಿಲ್ಲದೆ ಹೊಸಿಲವರೆಗೆ ಹೋದದ್ದಕ್ಕೆ ಪ್ರಾಯಶ್ಚಿತ್ತವಾಗಿ ತಾವು ಹದಿನೈದು ದಿನ ಬೆಲ್ಲ ಬಿಡುವುದಾಗಿ ಹೇಳಿದರು. ನಾನೂ ಬಿಡುತ್ತೇನೆ ಎಂದೆ. ಬೇಡ, ನಿನ್ನದು ಬೆಲ್ಲದಲ್ಲಿ ಮುಗಿಯುವುದಲ್ಲ ಎಂದರು. ಕೋಪದಿಂದ ಹೇಳಿದ್ದಲ್ಲ. ಸಂಬಳದ ದಿನ ಯಾವತ್ತು ಎಂದು ಹೇಳುವ ಹಾಗೆ ಹೇಳಿದರು.

ಮರುದಿನ ಸಂಜೆ ಅತ್ತೆಯ ಮೈ ಬೆಚ್ಚಗಾಯಿತು. ಮೂರನೇ ದಿನ ಜ್ವರ ನೂರಾ ಎರಡು. ಕೆಮ್ಮು ಗಂಟಲಿನಿಂದ ಇಳಿದು ಎದೆಯೊಳಗಿನಿಂದ ಬರತೊಡಗಿತು. ನಾನು ಥರ್ಮಾಮೀಟರ್ ಕೈಯಲ್ಲಿ ಹಿಡಿದುಕೊಂಡೇ ಅಡುಗೆ ಮಾಡಿದೆ. ಕಾಲೇಜಿಗೆ ರಜೆ ಹಾಕಿದೆ. ರಾಘು ಫೋನ್ ಮಾಡಿ, ಅಂಗಿ ಕೆಲಸ ಮಾಡಿತಾ ಮೇಡಂ ಎಂದು ಕೇಳಿದರು. ಅಂಗಿಯದ್ದೇನೂ ತಪ್ಪಿಲ್ಲ ಎಂದೆ.

ಅಂಗಿಯದ್ದು ನಿಜಕ್ಕೂ ತಪ್ಪಿಲ್ಲ. ಕುರಿಯದ್ದಂತೂ ಇಲ್ಲವೇ ಇಲ್ಲ. ನಮ್ಮಂಥವರು ಈಗ ಎಲ್ಲವನ್ನೂ ವಿಚಾರಿಸಿಯೇ ಕೊಳ್ಳುತ್ತೇವೆ. ಈ ಕಾಫಿ ಬೆಳೆದವರಿಗೆ ಸರಿಯಾದ ಕೂಲಿ ಸಿಕ್ಕಿತಾ, ಈ ಸೋಪನ್ನು ಮೊಲದ ಕಣ್ಣಿಗೆ ಹಾಕಿ ನೋಡಿದರಾ, ಈ ಶೂ ಹೊಲಿದ ಕೈ ಮಗುವಿನದಾ? ಕೇಳಬೇಕು, ನಾನು ಬೇಡ ಎನ್ನುವುದಿಲ್ಲ. ಕೇಳುವವರು ಇದ್ದದ್ದರಿಂದಲೇ ಎಲ್ಲೋ ಒಂದಿಷ್ಟು ಮರಿಗಳ ಚರ್ಮ ಉಳಿದಿದೆ. ನಾನ್ಯಾಕೆ ನಾಲ್ಕು ಮೇಲ್ ಬರೆದೆ ಎಂದು ನನಗೆ ಪಶ್ಚಾತ್ತಾಪವಿಲ್ಲ. ಐದನೆಯ ಪ್ರಶ್ನೆಯನ್ನು ಮನೆಯೊಳಗೇ ಕೇಳಲಿಲ್ಲವಲ್ಲ, ಅದು ಚುಚ್ಚುತ್ತಿದೆ.

ನಿನ್ನೆ ಎಕ್ಸ್-ರೇ ಆಯಿತು.

ಡಾಕ್ಟರು ನನ್ನನ್ನೂ ನಮ್ಮನೆಯವರನ್ನೂ ಮಾತ್ರ ಒಳಗೆ ಕರೆದರು. ಫಿಲ್ಮನ್ನು ಬೆಳಕಿಗೆ ಹಿಡಿದು, ಬಲಗಡೆ ಕೆಳಗೆ ಒಂದು ಬಿಳಿ ಕಲೆ ತೋರಿಸಿದರು. ಮತ್ತೆ ಅದೇ. ಹೋದ ವರ್ಷದಷ್ಟಿಲ್ಲ, ಬೇಗ ಬಂದದ್ದು ಒಳ್ಳೆಯದಾಯಿತು, ಆದರೆ ವಯಸ್ಸು ನೋಡಬೇಕಲ್ಲ ಎಂದರು. ಇವತ್ತೇ ಅಡ್ಮಿಟ್ ಮಾಡಿ, ಇಂಜೆಕ್ಷನ್ ಶುರು ಮಾಡೋಣ ಎಂದರು. ಆಮೇಲೆ ದನಿ ತಗ್ಗಿಸಿ, ಪೇಶೆಂಟಿಗೆ ಇದನ್ನೆಲ್ಲ ಹೇಳುವುದು ಬೇಡ, ಗಾಬರಿಯಾಗುತ್ತಾರೆ, ಸ್ವಲ್ಪ ನಿಶ್ಶಕ್ತಿ ಇದೆ, ಗ್ಲುಕೋಸ್ ಹಾಕಲು ಎರಡು ದಿನ ಇಟ್ಟುಕೊಳ್ಳುತ್ತಾರೆ ಎಂದು ಹೇಳಿಬಿಡಿ ಎಂದರು. ಒಳ್ಳೆಯ ಮನುಷ್ಯ. ಅವರ ಅಮ್ಮನಿಗೂ ಹಾಗೇ ಹೇಳುತ್ತಿದ್ದರೇನೋ.

ನಮ್ಮನೆಯವರು ತಕ್ಷಣ ತಲೆಯಾಡಿಸಿದರು. ಕಾರಿಡಾರಿನಲ್ಲಿ ನಡೆಯುತ್ತ, ನೀನು ಸುಮ್ಮನಿರು, ಅಮ್ಮನ ಹತ್ತಿರ ನಾನು ಮಾತಾಡುತ್ತೇನೆ, ಗ್ಲುಕೋಸ್ ಎಂದರೆ ಸಾಕು ಎಂದರು. ಅವರ ಕಣ್ಣು ಕೆಂಪಾಗಿತ್ತು. ಅವರಿಗೂ ಭಯ. ನನಗೂ ಭಯ. ಸುಳ್ಳು ಹೇಳಿದರೆ ಭಯ ಅರ್ಧ ಆಗುತ್ತದೆ ಎಂದು ನಾವೆಲ್ಲ ಅಂದುಕೊಂಡಿರುತ್ತೇವೆ. ಯಾರ ಭಯ?

ಅತ್ತೆ ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ಸೀರೆಯ ಕೆಳಗೆ ಅದೇ ಬೂದಿ ಬಣ್ಣದ ಅಂಗಿ. ನಮ್ಮಿಬ್ಬರ ಮುಖವನ್ನೂ ಒಂದೊಂದಾಗಿ ನೋಡಿದರು. ಮಗನ ಮುಖ ಬಿಟ್ಟು ನನ್ನ ಮುಖದ ಮೇಲೆ ಕಣ್ಣು ನಿಲ್ಲಿಸಿದರು.

“ಡಾಕ್ಟ್ರು ಏನಂದ್ರು ಸುಮತಿ?”

ನಮ್ಮನೆಯವರು ಹಿಂದಿನಿಂದ ನನ್ನ ಮೊಣಕೈ ಹಿಡಿದರು. ನಾನು ಬಿಡಿಸಿಕೊಂಡು ಅತ್ತೆಯ ಪಕ್ಕ ಕೂತೆ. ಎಕ್ಸ್-ರೇ ಕವರನ್ನು ಅವರ ಮಡಿಲಲ್ಲಿಟ್ಟೆ.

ದೂರದೇಶದ ಕುರಿಯ ಚರ್ಮದ ಬಗ್ಗೆ ತಿಳಿಯುವ ಹಕ್ಕು ನನಗಿದೆಯಾದರೆ, ತಮ್ಮದೇ ಎದೆಯ ಬಗ್ಗೆ ತಿಳಿಯುವ ಹಕ್ಕು ಅತ್ತೆಗೆ ಇಲ್ಲವೇ?